ಬ್ಯಾಟ್ರಿ ಎಂದವರೇ ಸರಿ: ಜೇಬಿನ ಟಾರ್ಚಿನ ನೂರಿಪ್ಪತ್ತೈದು ವರ್ಷ

ಕೈಯಲ್ಲಿ ಹಿಡಿದು ನಡೆಯುವ ವಿದ್ಯುತ್ ದೀಪಕ್ಕೆ ಒಂದೊಂದು ನಾಡಿನವರು ಒಂದೊಂದು ಹೆಸರಿಟ್ಟಿದ್ದಾರೆ. ಅಮೆರಿಕದವರು ಅದನ್ನು ಫ್ಲ್ಯಾಶ್‌ಲೈಟ್ ಎಂದರು, ಅಂದರೆ ಫಕ್ಕನೆ ಮಿಂಚುವ ಬೆಳಕು. ಇಂಗ್ಲೆಂಡಿನವರು ಪಂಜಿಗೆ ಇದ್ದ ಹಳೆಯ ಮಾತನ್ನೇ ಹೊಸ ದೀಪಕ್ಕೂ ಹಚ್ಚಿ ಟಾರ್ಚ್ ಎಂದರು. ಮರಾಠಿಯಲ್ಲಿ ಅದು ಚೋರಬತ್ತಿ ಆಯಿತು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅದಕ್ಕೆ ಬಿದ್ದ ಹೆಸರು ‘ಬ್ಯಾಟ್ರಿ’. ರಾತ್ರಿ ಹೊರಟವರಿಗೆ ‘ಬ್ಯಾಟ್ರಿ ತಗೊಂಡು ಹೋಗು’ ಎನ್ನುತ್ತಾರೆ, ಸದ್ದಾದ ಕಡೆ ‘ಬ್ಯಾಟ್ರಿ ಬಿಡು’ ಎನ್ನುತ್ತಾರೆ.

ಭಾಗದ ಹೆಸರನ್ನು ಇಡೀ ವಸ್ತುವಿಗೆ ಇಟ್ಟ ಈ ಬಳಕೆ ಶಾಲೆ ಕಲಿತವರಿಗೆ ತಪ್ಪಾಗಿ ಕಾಣಬಹುದು. ಆದರೆ ಟಾರ್ಚಿನ ಚರಿತ್ರೆಯನ್ನು ನೋಡಿದರೆ ಹಳ್ಳಿಯವರು ಇಟ್ಟ ಹೆಸರೇ ವಿಷಯಕ್ಕೆ ಹತ್ತಿರ. ಈ ದೀಪದಲ್ಲಿ ಬಲ್ಬು ನಾಲ್ಕು ಸಲ ಬದಲಾಗಿದೆ, ಕವಚ ಹತ್ತಾರು ಸಲ ಬದಲಾಗಿದೆ. ಪ್ರತಿ ಸಲವೂ ಅದು ಎಷ್ಟು ಉಪಯೋಗಕ್ಕೆ ಬಂತು ಎಂಬುದನ್ನು ನಿರ್ಧರಿಸಿದ್ದು ಒಳಗಿನ ಸೆಲ್ಲು. ಇಂದು ಮೊದಲ ಸಲ ಒಂದು ಒಳ್ಳೆಯ ಟಾರ್ಚ್ ಕೊಳ್ಳಲು ಹೊರಟವರ ಕಣ್ಣಿಗೆ ಬೀಳುವುದು ಡಬ್ಬದ ಮೇಲೆ ದೊಡ್ಡದಾಗಿ ಅಚ್ಚಾದ ಲ್ಯೂಮೆನ್ ಸಂಖ್ಯೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಈ ಚರಿತ್ರೆಯೇ ಕಲಿಸುತ್ತದೆ.

ಚೆಲ್ಲದ ಸೆಲ್ಲು

ವಿದ್ಯುತ್ತಿಗೆ ಮೊದಲು ಕೈದೀಪ ಎಂದರೆ ಬೆಂಕಿ. ಕರಾವಳಿಯಲ್ಲಿ ಒಣಗಿದ ತೆಂಗಿನ ಗರಿಯನ್ನು ಕಟ್ಟಿ ಹೊತ್ತಿಸಿದ ಸೂಡಿ, ಬಯಲುಸೀಮೆಯಲ್ಲಿ ಎಣ್ಣೆ ಬಟ್ಟೆ ಸುತ್ತಿದ ಪಂಜು, ಸೀಮೆಎಣ್ಣೆ ಬಂದ ಮೇಲೆ ಕಂದೀಲು. ಇವಕ್ಕೆಲ್ಲ ಗಾಳಿಯ ಭಯ, ಮಳೆಯ ಭಯ. ಹುಲ್ಲಿನ ಬಣವೆಯ ಹತ್ತಿರ ಹೋದರೆ ಇನ್ನೊಂದು ಭಯ.

ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಸತು, ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ನವಸಾಗರದ ದ್ರಾವಣ ಬಳಸಿ ಒಂದು ಸೆಲ್ಲು ಮಾಡಿದ. ಟೆಲಿಗ್ರಾಫ್ ಕಚೇರಿಗೆ ಅದು ಹೇಳಿಮಾಡಿಸಿದಂತಿತ್ತು. ಆದರೆ ಅದು ಗಾಜಿನ ಪಾತ್ರೆಯಲ್ಲಿ ನಿಲ್ಲಿಸಿದ ನೀರು. ಓರೆ ಮಾಡಿದರೆ ಚೆಲ್ಲುತ್ತಿತ್ತು. ಜರ್ಮನಿಯ ಕಾರ್ಲ್ ಗಾಸ್ನರ್ ಆ ದ್ರಾವಣವನ್ನು ಪ್ಲಾಸ್ಟರ್ ಜೊತೆ ಕಲಸಿ ಗಟ್ಟಿಯಾಗಿಸಿ, ಸತುವಿನ ಡಬ್ಬಿಯನ್ನೇ ಪಾತ್ರೆಯನ್ನಾಗಿಸಿ, 1886ರ ಹೊತ್ತಿಗೆ ಪೇಟೆಂಟ್ ಪಡೆದ. ಒಣ ಸೆಲ್ಲು ಹುಟ್ಟಿದ್ದು ಹೀಗೆ. ಅಮೆರಿಕದ ನ್ಯಾಷನಲ್ ಕಾರ್ಬನ್ ಕಂಪನಿ 1896ರಲ್ಲಿ ಆರು ಅಂಗುಲ ಎತ್ತರದ ‘ಕೊಲಂಬಿಯಾ’ ಸೆಲ್ಲನ್ನು ಮಾರುಕಟ್ಟೆಗೆ ತಂದಿತು. 1898ರಲ್ಲಿ ಬಂದದ್ದು ಡಿ ಅಳತೆಯ ಸೆಲ್ಲು, ನಮ್ಮ ಕಿರಾಣಿ ಅಂಗಡಿಗಳು ‘ದೊಡ್ಡ ಸೆಲ್ಲು’ ಎಂದು ಇಂದಿಗೂ ಮಾರುವುದು ಅದನ್ನೇ.

ಸೆಲ್ಲು ಕೈಗೆ ಹಿಡಿಸುವಷ್ಟಾದ ಮೇಲೆ ದೀಪಕ್ಕೆ ತಡವಾಗಲಿಲ್ಲ. ಡೇವಿಡ್ ಮಿಸೆಲ್ ಎಂಬ ಬ್ರಿಟಿಷ್ ಮೂಲದ ಸಂಶೋಧಕ ಕಾಗದದ ಕೊಳವೆಯೊಂದರಲ್ಲಿ ಸೆಲ್ಲುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ತುದಿಯಲ್ಲಿ ಬಲ್ಬು ಮತ್ತು ಹಿತ್ತಾಳೆಯ ಒರಟು ಪ್ರತಿಫಲಕ ಇಟ್ಟ. 1899ರ ಜನವರಿ 10ರಂದು ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಹಕ್ಕು ಸೇರಿದ್ದು ಕಾನ್ರಾಡ್ ಹ್ಯೂಬರ್ಟ್‌ನ ಕಂಪನಿಗೆ. ಹ್ಯೂಬರ್ಟ್ ಹುಟ್ಟಿದ್ದು ಅಂದಿನ ರಷ್ಯಾ ಸಾಮ್ರಾಜ್ಯದ ಮಿನ್ಸ್ಕ್ ಕಡೆ, ಅಕಿಬಾ ಹೊರೊವಿಟ್ಸ್ ಎಂಬ ಹೆಸರಿನಲ್ಲಿ. 1891ರಲ್ಲಿ ನ್ಯೂಯಾರ್ಕಿಗೆ ವಲಸೆ ಬಂದು ಹೆಸರು ಬದಲಿಸಿಕೊಂಡಿದ್ದ. ಕೆಲವು ದೀಪಗಳನ್ನು ಅವನ ಕಂಪನಿ ನ್ಯೂಯಾರ್ಕಿನ ಪೊಲೀಸರಿಗೆ ಉಚಿತವಾಗಿ ಕೊಟ್ಟಿತು. ರಾತ್ರಿ ಗಸ್ತಿನವರು ಮೆಚ್ಚಿದರು, ಆ ಮೆಚ್ಚುಗೆಯೇ ಜಾಹೀರಾತಾಯಿತು. ದೀಪದ ಹೆಸರು ‘ಎವರ್ ರೆಡಿ’.

ಹೆಸರೇನೋ ಸದಾ ಸಿದ್ಧ ಎಂದು, ದೀಪ ಹಾಗಿರಲಿಲ್ಲ. ಆ ಕಾಲದ ಬಲ್ಬಿನ ಇಂಗಾಲದ ಎಳೆ ಕರೆಂಟನ್ನು ಬಹಳ ನುಂಗಿ ಸ್ವಲ್ಪ ಬೆಳಕು ಕೊಡುತ್ತಿತ್ತು. ಒಣ ಸೆಲ್ಲಿನಿಂದ ಜೋರಾಗಿ ಕರೆಂಟು ಎಳೆದರೆ ರಾಸಾಯನಿಕ ಕ್ರಿಯೆಯ ಕಸ ಒಳಗಿನ ಕಡ್ಡಿಯ ಸುತ್ತ ಕಟ್ಟಿಕೊಂಡು ವೋಲ್ಟೇಜ್ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಆ ಕಸ ಚದುರಿ ಸೆಲ್ಲು ಚೇತರಿಸಿಕೊಳ್ಳುತ್ತದೆ. ಹಾಗಾಗಿ ದೀಪವನ್ನು ಒಂದು ಕ್ಷಣ ಒತ್ತಿ ನೋಡಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಫ್ಲ್ಯಾಶ್ ಎಂಬ ಹೆಸರು ಬಂದದ್ದು ಬಲ್ಬಿನ ಮೆರುಗಿನಿಂದಲ್ಲ, ಸೆಲ್ಲಿನ ಬಡತನದಿಂದ. 1910ರ ಸುಮಾರಿಗೆ ಟಂಗ್‌ಸ್ಟನ್ ಎಳೆಯ ಬಲ್ಬು ಬಂದು ಅದೇ ಕರೆಂಟಿಗೆ ಹೆಚ್ಚು ಬೆಳಕು ಕೊಟ್ಟಾಗ ಮಾತ್ರ ದೀಪವನ್ನು ಹೊತ್ತಿಸಿಕೊಂಡೇ ನಡೆಯುವುದು ಸಾಧ್ಯವಾಯಿತು.

ಭಾರತದ ಮೂರು ಸೆಲ್ಲಿನ ಟಾರ್ಚ್

ಎವರೆಡಿ ಸೆಲ್ಲುಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಹಡಗಿನಲ್ಲಿ ಕಲ್ಕತ್ತಕ್ಕೆ ಬರತೊಡಗಿದವು. 1934ರಲ್ಲಿ ಇಲ್ಲಿಯೇ ಕಂಪನಿ ನೋಂದಣಿಯಾಯಿತು, ಸ್ವಲ್ಪ ವರ್ಷಗಳಲ್ಲಿ ಕಲ್ಕತ್ತದಲ್ಲಿ ಸೆಲ್ಲಿನ ಕಾರ್ಖಾನೆ ಎದ್ದಿತು. ಅಷ್ಟು ಹೊತ್ತಿಗೆ ಅಮೆರಿಕದ ಮೂಲ ಕಂಪನಿ ಯೂನಿಯನ್ ಕಾರ್ಬೈಡ್‌ನ ಭಾಗವಾಗಿತ್ತು. ಸ್ವಾತಂತ್ರ್ಯದ ನಂತರ ಮದ್ರಾಸಿನಲ್ಲಿ, ಹೈದರಾಬಾದಿನಲ್ಲಿ ಸೆಲ್ಲಿನ ಕಾರ್ಖಾನೆಗಳು, 1958ರಲ್ಲಿ ಲಖನೌದಲ್ಲಿ ಟಾರ್ಚಿನ ಕಾರ್ಖಾನೆ ಬಂದವು. ಅಲಹಾಬಾದಿನ ಜೀಪ್ ಟಾರ್ಚ್, 1970ರ ದಶಕದಿಂದ ನೆಲ್ಲೂರಿನ ಕಡೆಯ ನಿಪ್ಪೋ ಸೆಲ್ಲು, ಬರೋಡಾದ ನೊವಿನೊ ಸೆಲ್ಲು ಪೈಪೋಟಿಗೆ ನಿಂತವು. ಎವರೆಡಿಯ ಲೋಹದ ‘ಜೀವನ್ ಸಾಥಿ’ ಟಾರ್ಚ್ ಎಷ್ಟೋ ಮನೆಗಳಲ್ಲಿ ಮಂಚದ ತಲೆದೆಸೆಯ ವಸ್ತುವಾಯಿತು.

ಆ ಟಾರ್ಚ್ ಬಳಸುತ್ತಿದ್ದ ಜನ ಸೆಲ್ಲಿನ ವಿಜ್ಞಾನವನ್ನು ಪುಸ್ತಕವಿಲ್ಲದೆ ಕಲಿತರು. ಬೆಳಕು ಮಂದವಾದರೆ ಸೆಲ್ಲು ತೆಗೆದು ಬಿಸಿಲಿಗಿಡುತ್ತಿದ್ದರು. ಬಿಸಿಗೆ ರಾಸಾಯನಿಕ ಕ್ರಿಯೆ ಚುರುಕಾಗಿ ಇನ್ನೊಂದೆರಡು ರಾತ್ರಿ ನಡೆಯುತ್ತಿತ್ತು. ಊರಿಗೆ ಹೊರಡುವಾಗ ಒಂದು ಸೆಲ್ಲನ್ನು ತಿರುಗಿಸಿ ಹಾಕುತ್ತಿದ್ದರು. ಚೀಲದೊಳಗೆ ಸ್ವಿಚ್ಚು ಒತ್ತಿಹೋದರೂ ಸೆಲ್ಲು ಖಾಲಿಯಾಗುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಮುಚ್ಚಳ ತಿರುಗಿಸಿದರೆ ಸೆಲ್ಲು ಸೋರಿ, ಸ್ಪ್ರಿಂಗಿಗೆ ತುಕ್ಕು ಹಿಡಿದು, ಟಾರ್ಚೇ ಹಾಳಾಗಿರುತ್ತಿತ್ತು. ಗಾಸ್ನರ್‌ನ ಜಾಣತನದ ಬೆಲೆ ಅದು: ಸತುವಿನ ಡಬ್ಬಿಯೇ ಇಂಧನವೂ ಆದ್ದರಿಂದ, ಸೆಲ್ಲು ಕರೆಂಟು ಕೊಟ್ಟಷ್ಟೂ ಅದರ ಗೋಡೆ ತೆಳ್ಳಗಾಗಿ ಕೊನೆಗೆ ತೂತು ಬೀಳುತ್ತದೆ.

ಮನೆಮನೆಯ ಸೆಲ್ಲಿನ ಹಿಂದಿನ ಕಂಪನಿಯ ಹೆಸರು ಸೆಲ್ಲಿಗೆ ಸಂಬಂಧವಿಲ್ಲದ ಕಾರಣಕ್ಕೆ ಲೋಕಕ್ಕೆಲ್ಲ ಗೊತ್ತಾಯಿತು. 1984ರ ಡಿಸೆಂಬರ್ 2ರ ರಾತ್ರಿ, ಯೂನಿಯನ್ ಕಾರ್ಬೈಡ್ ಇಂಡಿಯಾದ ಭೋಪಾಲ್ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಮೂಲ ಕಂಪನಿ 1994ರಲ್ಲಿ ತನ್ನ ಭಾರತೀಯ ಪಾಲನ್ನು ಮಾರಿತು; ಆ ಹಣದಿಂದ ಭೋಪಾಲಿನಲ್ಲಿ ಸಂತ್ರಸ್ತರಿಗಾಗಿ ಆಸ್ಪತ್ರೆ ಕಟ್ಟಲಾಯಿತು. ಕೊಂಡವರು ಖೇತಾನ್ ಕುಟುಂಬದ ಸಮೂಹ. ಕಂಪನಿಯ ಹೆಸರು ಎವರೆಡಿ ಇಂಡಸ್ಟ್ರೀಸ್ ಎಂದಾಯಿತು. ಅಂಗಡಿಯ ಕೆಂಪು ಸೆಲ್ಲು ಮಾತ್ರ ಹಾಗೆಯೇ ಉಳಿಯಿತು.

ಕತ್ತಲಿನ ಲೆಕ್ಕ

ಪೇಟೆಯಲ್ಲಿ ಟಾರ್ಚ್ ಎಂದರೆ ಕರೆಂಟು ಹೋದಾಗಿನ ವಸ್ತು. ಹಳ್ಳಿಯಲ್ಲಿ ಅದು ಕಾಲಿನ ಕಾವಲು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರೈತ ರಾತ್ರಿಯೇ ಗದ್ದೆಯ ಬದುವಿನ ಮೇಲೆ ನಡೆಯಬೇಕು. ಕೊಳಕುಮಂಡಲವೂ ಕಟ್ಟುಹಾವೂ ಹೆಚ್ಚಾಗಿ ಓಡಾಡುವುದು ಅದೇ ಹೊತ್ತಿನಲ್ಲಿ.

2020ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗಿನ ಮಳೆಗಾಲದಲ್ಲಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಗೊತ್ತುಪಡಿಸಿತು. ರಾತ್ರಿ ಟಾರ್ಚ್ ಹಿಡಿದು, ಕಾಲಿಗೆ ಚಪ್ಪಲಿಗಿಂತ ಬೂಟು ಹಾಕಿ ನಡೆಯಿರಿ ಎನ್ನುವುದು ಈ ವಿಷಯದಲ್ಲಿ ವೈದ್ಯರು ಹೇಳುವ ಮಾತು. ಆ ಟಾರ್ಚಿಗೆ ಮುಗಿಲು ಮುಟ್ಟುವ ಬೆಳಕು ಬೇಕಿಲ್ಲ. ಮುಂದಿನ ನಾಲ್ಕು ಹೆಜ್ಜೆ ಕಾಣಬೇಕು, ಗದ್ದೆಗೆ ಹೋಗಿ ಮನೆಗೆ ಮರಳುವವರೆಗೂ ಕಾಣಬೇಕು.

ಅಲ್ಯೂಮಿನಿಯಂ, ಎಲ್‌ಇಡಿ, ಲಿಥಿಯಂ

ಅಗ್ಗದ ತಗಡಿನ ಟಾರ್ಚಿಗಿಂತ ಬೇರೆಯಾದ ‘ಗುಣಮಟ್ಟದ ಟಾರ್ಚ್’ ಎಂಬ ಕಲ್ಪನೆಯನ್ನು ಜನಸಾಮಾನ್ಯರಲ್ಲಿ ಬೆಳೆಸಿದವರಲ್ಲಿ ಮುಖ್ಯನಾದವನು ಟೋನಿ ಮ್ಯಾಗ್ಲಿಕಾ. ನ್ಯೂಯಾರ್ಕಿನಲ್ಲಿ ಹುಟ್ಟಿ, ಕ್ರೊಯೇಷಿಯಾದ ಜ್ಲಾರಿನ್ ದ್ವೀಪದಲ್ಲಿ ಬೆಳೆದು, ಅಮೆರಿಕಕ್ಕೆ ಮರಳಿ ಕ್ಯಾಲಿಫೋರ್ನಿಯಾದಲ್ಲಿ ಲೇತ್ ಇಟ್ಟುಕೊಂಡಿದ್ದ ಆತ 1979ರಲ್ಲಿ ಮ್ಯಾಗ್‌ಲೈಟ್ ತಂದ. ಗಟ್ಟಿ ಅಲ್ಯೂಮಿನಿಯಂ ಕವಚ, ನೀರು ತಡೆಯುವ ರಬ್ಬರ್ ಬಳೆ, ತಿರುಗಿಸಿದರೆ ಹಿಗ್ಗಿ ಕುಗ್ಗುವ ಬೆಳಕು, ಹಿಂದಿನ ಮುಚ್ಚಳದೊಳಗೆ ಒಂದು ಹೆಚ್ಚುವರಿ ಬಲ್ಬು. ಎಂಬತ್ತು ವರ್ಷಗಳ ಹಿಂದೆ ಆದಂತೆಯೇ ಇದನ್ನೂ ಪೊಲೀಸರು ಬೇಗ ಹಿಡಿದುಕೊಂಡರು. 1984ರಲ್ಲಿ ಎರಡು ಪೆನ್ಸಿಲ್ ಸೆಲ್ಲಿನ ಮಿನಿ ಮ್ಯಾಗ್‌ಲೈಟ್ ಬಂತು. ದಿನಾ ಜೇಬಿನಲ್ಲೇ ಇರುವ ಟಾರ್ಚ್ ಎಂಬ ಅಭ್ಯಾಸ ಗಟ್ಟಿಯಾದದ್ದು ಅಲ್ಲಿಂದ. ಅದರ ಬೆಳಕು ಇಂದಿನ ಲೆಕ್ಕದಲ್ಲಿ ಸುಮಾರು 15 ಲ್ಯೂಮೆನ್ ಮಾತ್ರ. ಅಷ್ಟರಲ್ಲೇ ಒಂದು ತಲೆಮಾರಿನ ಕೆಲಸ ನಡೆಯಿತು.

ಮುಂದಿನ ತಿರುವು ಜಪಾನಿನಿಂದ. ಅಕಾಸಾಕಿ, ಅಮಾನೊ ಮತ್ತು ನಕಮುರಾ ಅವರ ಕೆಲಸದಿಂದ ಪ್ರಖರವಾದ ನೀಲಿ ಎಲ್‌ಇಡಿ ಸಾಧ್ಯವಾಯಿತು. ನಕಮುರಾ ಇದ್ದ ನಿಚಿಯಾ ಕಂಪನಿ 1993ರಲ್ಲಿ ಅದನ್ನು ಹೊರತಂದಿತು. ನೀಲಿ ಬೆಳಕಿನ ಮೇಲೆ ಹಳದಿ ರಂಜಕ ಲೇಪಿಸಿದರೆ ಬಿಳಿ ಬೆಳಕು. ಅದು ಬಂದದ್ದು 1996ರಲ್ಲಿ. ಮೂವರಿಗೂ 2014ರಲ್ಲಿ ನೊಬೆಲ್ ಸಿಕ್ಕಿತು. ಎಲ್‌ಇಡಿಗೆ ಎಳೆ ಇಲ್ಲ, ಬಿದ್ದರೆ ತುಂಡಾಗುವುದಿಲ್ಲ, ಅದೇ ಕರೆಂಟಿಗೆ ಟಂಗ್‌ಸ್ಟನ್ ಬಲ್ಬಿಗಿಂತ ಎಷ್ಟೋ ಪಟ್ಟು ಬೆಳಕು. ಇದರ ಜೊತೆಗೆ ಸೋನಿ ಕಂಪನಿ 1991ರಲ್ಲಿ ಮಾರಾಟಕ್ಕೆ ತಂದ ಲಿಥಿಯಂ ಅಯಾನ್ ಸೆಲ್ಲು ಸೇರಿತು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಅದರ ಒಂದು ಅಳತೆಗೆ 18650 ಎಂಬ ಹೆಸರು ಬಿತ್ತು. ಬಲ್ಬಿನ ಕ್ರಾಂತಿ ಎಂದು ಹೊರಗೆ ಕಂಡದ್ದರ ಅರ್ಧಭಾಗ ಸೆಲ್ಲಿನ ಕ್ರಾಂತಿ.

ಡಬ್ಬದ ಮೇಲಿನ ಸಂಖ್ಯೆ

ಎಲ್‌ಇಡಿ ಬಂದ ಮೇಲೆ ಸಂಖ್ಯೆಗಳ ಜಾತ್ರೆ ಶುರುವಾಯಿತು. ಒಬ್ಬೊಬ್ಬ ತಯಾರಕ ತನಗೆ ಬೇಕಾದಂತೆ ಅಳೆದು ಬರೆಯುತ್ತಿದ್ದ. 2009ರಲ್ಲಿ ಅಮೆರಿಕದ ತಯಾರಕರು ಸೇರಿ ಎಫ್‌ಎಲ್ 1 ಎಂಬ ಅಳತೆಯ ನಿಯಮ ಮಾಡಿಕೊಂಡರು. ಒಳ್ಳೆಯ ಕಂಪನಿಗಳ ಡಬ್ಬದ ಮೇಲೆ ಅದರ ಚಿಹ್ನೆಗಳಿರುತ್ತವೆ. ಆ ನಿಯಮದಲ್ಲಿ ಎರಡು ಸಂಗತಿಗಳನ್ನು ತಿಳಿದಿರಬೇಕು.

ಒಂದು, ಬೆಳಕು ಎಷ್ಟು ದೂರ ಹೋಗುತ್ತದೆ ಎಂಬುದು. ಹುಣ್ಣಿಮೆಯ ಬೆಳದಿಂಗಳಷ್ಟು, ಅಂದರೆ 0.25 ಲಕ್ಸ್, ಬೆಳಕು ಬೀಳುವ ದೂರವನ್ನು ಅಲ್ಲಿ ಬರೆಯುತ್ತಾರೆ. 200 ಮೀಟರ್ ಎಂದಿದ್ದರೆ ಅಷ್ಟು ದೂರದಲ್ಲಿ ಏನೋ ಇದೆ ಎಂದು ಕಾಣಬಹುದು, ಏನೆಂದು ಗುರುತಾಗದೆ ಹೋಗಬಹುದು. ಅದರ ಅರ್ಧ ದೂರವನ್ನು ನಂಬಿದರೆ ಸಾಕು.

ಎರಡು, ಎಷ್ಟು ಹೊತ್ತು ಉರಿಯುತ್ತದೆ ಎಂಬುದು. ಹೊತ್ತಿಸಿ 30 ಸೆಕೆಂಡಿಗೆ ಇದ್ದ ಬೆಳಕು ಅದರ ಶೇಕಡಾ 10ಕ್ಕೆ ಇಳಿಯುವವರೆಗಿನ ಸಮಯವನ್ನು ಬರೆಯುತ್ತಾರೆ. ಹಾಗಾಗಿ ‘1000 ಲ್ಯೂಮೆನ್, 2 ಗಂಟೆ’ ಎಂದಿದ್ದರೆ ಎರಡು ಗಂಟೆಯೂ 1000 ಲ್ಯೂಮೆನ್ ಇರುತ್ತದೆ ಎಂದಲ್ಲ. ಕೆಲವು ನಿಮಿಷಗಳ ನಂತರ ಅದು ತಾನಾಗಿ ಇಳಿದು, ಉಳಿದ ಹೊತ್ತು 300ರಲ್ಲೋ 200ರಲ್ಲೋ ನಡೆದಿದ್ದರೂ ನಿಯಮ ಮುರಿದಂತಾಗುವುದಿಲ್ಲ.

ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಒಂದು ಒಳ್ಳೆಯ 18650 ಸೆಲ್ಲಿನಲ್ಲಿ 3500 ಮಿಲಿಆಂಪ್ ಅವರ್ ಇರುತ್ತದೆ, 3.6 ವೋಲ್ಟಿನಿಂದ ಗುಣಿಸಿದರೆ ಸುಮಾರು 12 ವ್ಯಾಟ್ ಅವರ್. ಟಾರ್ಚಿನಲ್ಲಿ ಒಂದು ವ್ಯಾಟಿಗೆ ಹೆಚ್ಚುಕಡಿಮೆ 100 ಲ್ಯೂಮೆನ್ ಸಿಗುತ್ತದೆ ಎಂದುಕೊಂಡರೆ, 1000 ಲ್ಯೂಮೆನ್‌ಗೆ 10 ವ್ಯಾಟ್ ಬೇಕು. ಸೆಲ್ಲು ಒಂದು ಗಂಟೆ ಚಿಲ್ಲರೆಗೆ ಮುಗಿಯುತ್ತದೆ. ಅದಕ್ಕೂ ಮೊದಲೇ ಹೆಬ್ಬೆರಳಿನ ದಪ್ಪದ ಕವಚ ಕೈ ಸುಡುವಷ್ಟು ಬಿಸಿಯಾಗುವುದರಿಂದ ಟಾರ್ಚೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಅದೇ ಸೆಲ್ಲು 100 ಲ್ಯೂಮೆನ್‌ನಲ್ಲಿ ಇಡೀ ರಾತ್ರಿ ಉರಿಯುತ್ತದೆ. ಒಂದು ರೀಚಾರ್ಜ್ ಪೆನ್ಸಿಲ್ ಸೆಲ್ಲಿನಲ್ಲಿ ಇರುವುದು ಸುಮಾರು 2.4 ವ್ಯಾಟ್ ಅವರ್. ಅದೇ 100 ಲ್ಯೂಮೆನ್ ಎರಡು ಗಂಟೆ. ಹೀಗೆ ಸೆಲ್ಲನ್ನು ನೋಡಿ ಬೆಳಕನ್ನು ಅಂದಾಜು ಮಾಡಬಹುದು. ಡಬ್ಬದ ಮೇಲಿನ ದೊಡ್ಡ ಸಂಖ್ಯೆಯಿಂದ ಸೆಲ್ಲನ್ನು ಅಂದಾಜು ಮಾಡಲಾಗುವುದಿಲ್ಲ.

18650 ಸೆಲ್ಲಿನ ಮೇಲೆ 9900 ಮಿಲಿಆಂಪ್ ಅವರ್ ಎಂದು ಬರೆದಿದ್ದರೆ ಅದು ಸುಳ್ಳು. ಆ ಅಳತೆಯೊಳಗೆ ಅಷ್ಟು ಹಿಡಿಸುವುದಿಲ್ಲ.

ಕೊಳ್ಳುವಾಗ

ಮೊದಲ ಟಾರ್ಚಿಗೆ ಮೊದಲ ಪ್ರಶ್ನೆ: ಸೆಲ್ಲು ಖಾಲಿಯಾದಾಗ ಏನು ಮಾಡುವುದು? ಮುಂಬೈ, ಪುಣೆಯಲ್ಲಿ ಆಫೀಸಿಗೆ ಹೋಗಿಬರುವ, ದಿನಾ ಫೋನ್ ಚಾರ್ಜ್ ಮಾಡುವವರಿಗೆ ಯುಎಸ್‌ಬಿ ತಂತಿ ಚುಚ್ಚಿ ಚಾರ್ಜ್ ಮಾಡುವ ಲಿಥಿಯಂ ಟಾರ್ಚ್ ಸರಿ. ಸೆಲ್ಲನ್ನು ಹೊರತೆಗೆಯಲು ಬರುವಂಥದ್ದಾದರೆ ಇನ್ನೂ ಒಳ್ಳೆಯದು; ಮೂರ್ನಾಲ್ಕು ವರ್ಷಕ್ಕೆ ಸೆಲ್ಲು ದಣಿದಾಗ ಟಾರ್ಚನ್ನು ಎಸೆಯಬೇಕಿಲ್ಲ. ಬಹಳ ದಿನ ಪ್ರಯಾಣದಲ್ಲಿರುವವರಿಗೆ, ಚಾರಣಕ್ಕೆ ಹೋಗುವವರಿಗೆ ಪೆನ್ಸಿಲ್ ಸೆಲ್ಲಿನದು ಲೇಸು. ಯಾವ ಊರಿನ ಅಂಗಡಿಯಲ್ಲೂ ಅದು ಸಿಗುತ್ತದೆ. ಆದರೆ ಸಾಮಾನ್ಯ ಸೆಲ್ಲನ್ನೂ ಆಲ್ಕಲೈನ್ ಸೆಲ್ಲನ್ನೂ ತಿಂಗಳುಗಟ್ಟಲೆ ಒಳಗೇ ಬಿಡಬಾರದು, ಎರಡೂ ಸೋರುತ್ತವೆ. 2005ರಲ್ಲಿ ಜಪಾನಿನ ಸ್ಯಾನ್ಯೊ ಎನೆಲೂಪ್ ಹೆಸರಿನಲ್ಲಿ ತಂದ ಬಗೆಯ ರೀಚಾರ್ಜ್ ಸೆಲ್ಲು ಇಟ್ಟಲ್ಲೇ ಖಾಲಿಯಾಗುವುದು ಬಹಳ ನಿಧಾನ, ಸೋರುವುದು ಅಪರೂಪ.

ಎರಡನೆಯದು ಕಡಿಮೆ ಬೆಳಕು. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದು ಸಲ ಜೋರು ಬೆಳಕು ನೋಡಿದರೆ ಅದು ಹೋಯಿತು. ಸ್ಲೀಪರ್ ಬೋಗಿಯಲ್ಲಿ ನಡುರಾತ್ರಿ ಚಪ್ಪಲಿ ಹುಡುಕಲು, ಮಲಗಿದ ಮಗುವಿಗೆ ಹೊದಿಕೆ ಸರಿಮಾಡಲು ಒಂದೆರಡು ಲ್ಯೂಮೆನ್ ಸಾಕು. ಒತ್ತಿದ ಕೂಡಲೇ ಅತಿ ಜೋರಿನಲ್ಲಿ ಹೊತ್ತುವ, ಮಿಣುಕು ಮಿಣುಕು ಸ್ಟ್ರೋಬ್ ದಾಟಿಯೇ ಆರಿಸಬೇಕಾದ ಟಾರ್ಚ್ ದಿನಬಳಕೆಗೆ ಕಿರಿಕಿರಿ.

ಮೂರನೆಯದು ಬೆಳಕಿನ ಬಣ್ಣ. ನೀಲಿ ಛಾಯೆಯ ಅಗ್ಗದ ಎಲ್‌ಇಡಿಯಲ್ಲಿ ಒಣಗಿದ ಎಲೆ, ಮಣ್ಣು, ಹಗ್ಗ, ಕೊಳಕುಮಂಡಲ ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಾಣುತ್ತವೆ. ಸಿಆರ್‌ಐ 90 ಅಥವಾ ಹೆಚ್ಚು ಎಂದಿರುವ, ತುಸು ಬೆಚ್ಚನೆಯ ಛಾಯೆಯ ದೀಪದಲ್ಲಿ ಬಣ್ಣಗಳು ಬೇರೆಬೇರೆಯಾಗಿ ಕಾಣುತ್ತವೆ. ಲ್ಯೂಮೆನ್ ಸ್ವಲ್ಪ ಕಡಿಮೆಯಾದರೂ ನಷ್ಟವಿಲ್ಲ. ಬೆಳಕನ್ನು ನಾಲ್ಕು ಪಟ್ಟು ಮಾಡಿದರೂ ಕಣ್ಣಿಗೆ ಅದು ಎರಡು ಪಟ್ಟಿನಷ್ಟೇ ಅನಿಸುತ್ತದೆ.

ನಾಲ್ಕನೆಯದು ಮಳೆ. ಐಪಿಎಕ್ಸ್ 4 ಎಂದರೆ ಎರಚಲು ತಡೆಯುತ್ತದೆ. ಐಪಿಎಕ್ಸ್ 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಬದುಕುತ್ತದೆ. ಮುಂಬೈಯ ಜುಲೈಗೂ ಮಲೆನಾಡಿನ ಜುಲೈಗೂ ಎರಡನೆಯದೇ ಬೇಕು. ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಸೆಲ್ಲನ್ನು ಕೈಚೀಲದಲ್ಲಿ, ಡಬ್ಬಿಯೊಳಗೆ ಇಟ್ಟುಕೊಳ್ಳಬೇಕು. ಚೆಕ್ ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ.

ಫೋನಿನಲ್ಲೇ ಟಾರ್ಚ್ ಇರುವಾಗ ಇದೆಲ್ಲ ಏಕೆ ಎನ್ನುವವರಿದ್ದಾರೆ. ಫೋನಿನ ದೀಪಕ್ಕೆ ಪ್ರತಿಫಲಕವಿಲ್ಲ, ಬೆಳಕು ಹತ್ತಡಿಯಲ್ಲೇ ಚದುರಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತೊಂದರೆಯ ಹೊತ್ತಿನಲ್ಲಿ ಯಾರಿಗಾದರೂ ಕರೆ ಮಾಡಬೇಕಾದ ಬ್ಯಾಟರಿಯನ್ನೇ ಅದು ಕರಗಿಸುತ್ತದೆ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕೊಂಡೊಯ್ಯುವ ಟಾರ್ಚಿನ ಆಯ್ಕೆ ಬೇರೆ. ಅಲ್ಲಿ ಹತ್ತು ಬಗೆಯ ಬೆಳಕು, ಮೂರು ಸಲ ಒತ್ತಿದರೆ ಒಂದು, ಹಿಡಿದು ಒತ್ತಿದರೆ ಇನ್ನೊಂದು ಎಂಬ ಆಟ ಬೇಡ. ಕತ್ತಲಲ್ಲಿ ತಡವಿದರೆ ಸಿಗುವ ಒಂದೇ ಸ್ವಿಚ್ಚು, ಎರಡು ಹಂತದ ಬೆಳಕು, ಊರ ಅಂಗಡಿಯಲ್ಲಿ ಸಿಗುವ ಸೆಲ್ಲು ಅಥವಾ ಮನೆಯ ಫೋನಿನ ಚಾರ್ಜರೇ ಹಿಡಿಸುವ ರಂಧ್ರ ಇರಬೇಕು. ಬಿಡಿ ಲಿಥಿಯಂ ಸೆಲ್ಲನ್ನು ತಿರುಗಿಸಿ ಹಾಕುವ ಹಳೆಯ ಅಭ್ಯಾಸ ಅಪಾಯಕಾರಿ ಎಂದು ಹೇಳಿಕೊಡಬೇಕು. ಹೇಳಿದರೂ ಮರೆಯಬಹುದು ಎನಿಸಿದರೆ ಸೆಲ್ಲು ಒಳಗೇ ಕೂಡಿಸಿರುವ ಟಾರ್ಚ್ ಕೊಡುವುದು ಕ್ಷೇಮ. ಕೊಟ್ಟು ಬರುವ ಮೊದಲು ರಾತ್ರಿ ಅವರ ಕೈಯಲ್ಲೇ ಹಿಡಿಸಿ, ಹಿತ್ತಲಿನವರೆಗೆ ಒಂದು ಸಲ ನಡೆಸಿ ನೋಡಬೇಕು.